ಕಂಪಾಸ್ ಪೆಟ್ಟಿಗೆಯೊಳಗಿನ ಮಾವಿನ ವಾಸನೆ

ಮಳೆಗಾಲದಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಉಬ್ಬಸ, ಇಲಿಜ್ವರ, ಕಾಲ್ಬೆರಳ ಸಂದಿಯ ಕೆಸರುಹುಣ್ಣುಗಳ ಬಗ್ಗೆ ಇರುತ್ತವೆ. ಈ ಸಲ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಬಂದ ಐದು ಪತ್ರಗಳು ಒಂದೇ ವಿಷಯವನ್ನು ಕೇಳಿವೆ: ಶಾಲೆ, ಕಾಲೇಜಿನ ಮಕ್ಕಳ ಕೈಗೆ ಸಿಕ್ಕಿರುವ ಇ-ಸಿಗರೇಟು, ಅಂದರೆ ಮಕ್ಕಳು ‘ವೇಪ್’ ಎನ್ನುವ ವಸ್ತು. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಕಾದಿರಿಸಿ ಈ ಸಂಚಿಕೆಯ ಪುಟಗಳನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ತೆಗೆದು, ಪತ್ರಗಳನ್ನು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ನನ್ನ ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಕಳೆದ ವಾರ ಅವನ ಚೀಲ ಮಳೆಯಲ್ಲಿ ತೊಯ್ದು ಹೋಗಿತ್ತು. ಪುಸ್ತಕಗಳನ್ನು ಒಲೆಯ ಪಕ್ಕ ಹರವಿ ಒಣಗಿಸುವಾಗ ಕಂಪಾಸ್ ಪೆಟ್ಟಿಗೆಯಲ್ಲಿ ಪೆನ್‌ಡ್ರೈವ್‌ನಂತಹ, ಅದಕ್ಕಿಂತ ಸ್ವಲ್ಪ ದಪ್ಪನೆಯ ಒಂದು ವಸ್ತು ಸಿಕ್ಕಿತು. ಮೂಸಿದರೆ ಮಾವಿನಹಣ್ಣಿನ ವಾಸನೆ. ಕೇಳಿದಾಗ ಗೆಳೆಯನದು ಎಂದ. ಬಿಡದೆ ಕೇಳಿದಾಗ “ಇದು ಬರೀ ಹಬೆ ಆಯಿ, ಇದರಲ್ಲಿ ತಂಬಾಕು ಇಲ್ಲ” ಎಂದ. ನಮ್ಮ ಮನೆಯವರು ಗೋವಾದಲ್ಲಿ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಅವರಿಗೆ ಗೊತ್ತಾದರೆ ಹುಡುಗನ ಚರ್ಮ ಸುಲಿಯುತ್ತಾರೆ. ಇದು ನಿಜವಾಗಿಯೂ ಹಬೆಯೇ? ಅವರಿಗೆ ಹೇಳಲೇ, ಬೇಡವೇ?
– ಒಬ್ಬ ತಾಯಿ, ಕುಮಟಾ ತಾಲೂಕು

ಉತ್ತರ: ತಾಯಿ, ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜವನ್ನು ನಂಬಿಯೇ ಅವನು ಮೋಸಹೋಗಿದ್ದಾನೆ. ಅದರೊಳಗೆ ಹೊಗೆಸೊಪ್ಪಿನ ಚೂರು ಇಲ್ಲ, ಬೆಂಕಿಯೂ ಇಲ್ಲ. ಬಿಚ್ಚಿ ನೋಡಿದರೆ ಒಂದು ಪುಟ್ಟ ಲಿಥಿಯಂ ಬ್ಯಾಟರಿ, ಸುರುಳಿ ಸುತ್ತಿದ ಕೂದಲೆಳೆಯಂತಹ ತಂತಿ, ಆ ತಂತಿಗೆ ತಾಗಿಕೊಂಡಿರುವ ಹತ್ತಿ ಮತ್ತು ಹತ್ತಿ ಹೀರಿಕೊಂಡಿರುವ ದ್ರವ ಕಾಣಿಸುತ್ತವೆ. ದೇವರ ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆದುಕೊಳ್ಳುವ ಹಾಗೆಯೇ ಆ ಹತ್ತಿ ದ್ರವವನ್ನು ತಂತಿಯ ಬಳಿಗೆ ಎಳೆದುಕೊಳ್ಳುತ್ತದೆ. ಬಾಯಿಯಲ್ಲಿಟ್ಟು ಉಸಿರೆಳೆದ ಕೂಡಲೇ ತಂತಿ ಕಾಯುತ್ತದೆ, ದ್ರವ ಮೋಡದಂತೆ ಮೇಲೇಳುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುವುದು ಹಬೆ, ಅದು ಬರೀ ನೀರು. ಇದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕಗಳು ಮತ್ತು ನಿಕೋಟಿನ್ ಸೇರಿದ ಅತಿ ಸಣ್ಣ ಹನಿಗಳ ಮಂಜು. ಗ್ಲಿಸರಿನ್ನನ್ನು ತಿಂಡಿಗಳಲ್ಲಿಯೂ ಬಳಸುತ್ತಾರಲ್ಲ ಎಂದು ಅವನು ವಾದಿಸಬಹುದು. ತೆಂಗಿನೆಣ್ಣೆಯನ್ನೂ ನಾವು ದಿನಾ ತಿನ್ನುತ್ತೇವೆ, ಆದರೆ ಶ್ವಾಸಕೋಶಕ್ಕೆ ಎಳೆದುಕೊಳ್ಳುವುದಿಲ್ಲ. ಹೊಟ್ಟೆ ಅರಗಿಸಿಕೊಳ್ಳುವುದನ್ನೆಲ್ಲ ಶ್ವಾಸಕೋಶ ತಾಳಿಕೊಳ್ಳುವುದಿಲ್ಲ. ಅದಲ್ಲದೆ ಈ ದ್ರವಗಳು ಹೆಚ್ಚು ಕಾದಾಗ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂತಹ ವಿಷವಸ್ತುಗಳಾಗುತ್ತವೆ. ತಂತಿಯಿಂದ ನಿಕ್ಕಲ್, ಕ್ರೋಮಿಯಂ, ಕೆಲವೊಮ್ಮೆ ಸೀಸದ ಕಣಗಳೂ ಆ ಮಂಜಿಗೆ ಸೇರುತ್ತವೆ.

ಆದರೂ ನನಗೆ ಹೆಚ್ಚು ಚಿಂತೆಯಿರುವುದು ನಿಕೋಟಿನ್ ಬಗ್ಗೆ. ಸುಮಾರು ಮೂವತ್ತು ವರ್ಷ ಈ ಕರಾವಳಿಯಲ್ಲಿ ವೈದ್ಯಕೀಯ ಮಾಡಿದವನಿಗೆ ಬೀಡಿ ಸೇದುವ ಹುಡುಗರು ಹೊಸಬರಲ್ಲ. ಮೊದಲ ಬೀಡಿ ಎಳೆದವನು ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು, ವಾಂತಿ ಬಂದಂತಾಗಿ ಕೂತುಬಿಡುತ್ತಿದ್ದ. ಎಷ್ಟೋ ಹುಡುಗರು ಅಲ್ಲಿಗೇ ಬಿಟ್ಟದ್ದೂ ಉಂಟು. ಗಂಟಲೇ ಒಂದು ಕಾವಲುಗಾರನಾಗಿತ್ತು. ಈ ಹೊಸ ವಸ್ತು ಆ ಕಾವಲುಗಾರನನ್ನು ಮಲಗಿಸಿದೆ. ನಿಕೋಟಿನ್ನಿಗೆ ಬೆಂಜೋಯಿಕ್ ಆಮ್ಲದಂತಹ ಒಂದು ಆಮ್ಲವನ್ನು ಸೇರಿಸಿ ‘ನಿಕೋಟಿನ್ ಲವಣ’ವನ್ನಾಗಿ ಮಾಡಿದರೆ ಅದರ ಕಟುತ್ವ ಇಳಿಯುತ್ತದೆ, ಗಂಟಲು ಉರಿಯುವುದಿಲ್ಲ, ಆದ್ದರಿಂದ ಎಷ್ಟು ಗಾಢವಾದ ದ್ರವವನ್ನಾದರೂ ಸಲೀಸಾಗಿ ಎಳೆಯಬಹುದು. ಶೇಕಡಾ 5 ಎಂದು ಬರೆದಿರುವ ದ್ರವದಲ್ಲಿ ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಒಂದು ಸಿಗರೇಟು ಸೇದಿದವನ ರಕ್ತಕ್ಕೆ ಸೇರುವುದು ಹೆಚ್ಚುಕಡಿಮೆ 1ರಿಂದ 1.5 ಮಿಲಿಗ್ರಾಂ. ದ್ರವದಲ್ಲಿರುವ ನಿಕೋಟಿನ್ ಪೂರ್ತಿ ದೇಹಕ್ಕೆ ಹೋಗುವುದಿಲ್ಲ ಎಂದು ಹಿಡಿದರೂ, ಎರಡು ಮಿಲಿಲೀಟರ್ ದ್ರವದ ಒಂದು ಪುಟ್ಟ ಡಬ್ಬಿಯನ್ನು ಮೂರು ನಾಲ್ಕು ದಿನಗಳಲ್ಲಿ ಖಾಲಿ ಮಾಡುವ ಹುಡುಗ ತಾನು ಎಷ್ಟು ಸಿಗರೇಟಿನ ಬಾಬ್ತು ಎಳೆದೆ ಎಂಬುದನ್ನು ಲೆಕ್ಕ ಹಾಕಲಾರ. ಸಿಗರೇಟಾದರೆ ಸುಟ್ಟು ಮುಗಿಯುತ್ತದೆ, ಪ್ಯಾಕಿನಲ್ಲಿ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಇದಕ್ಕೆ ಮುಗಿಯುವ ಜಾಗವೇ ಇಲ್ಲ.

ನಿಮಗೂ ಇದು ಇಷ್ಟು ದಿನ ಗೊತ್ತಾಗದೇ ಇದ್ದದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಬೀಡಿ ಸೇದಿದ ಹುಡುಗ ಪೇರಲೆ ಎಲೆ ಅಗಿದುಕೊಂಡು ಮನೆಗೆ ಬಂದರೂ ಅಂಗಿಯ ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಇದು ಬಿಡುವ ಸುಳಿವು ಮಾವು, ಪುದೀನ, ಕಲ್ಲಂಗಡಿಯ ವಾಸನೆ ಮಾತ್ರ, ಅದೂ ಎರಡು ನಿಮಿಷಕ್ಕೆ.

ಹದಿನೈದರ ಹುಡುಗನಿಗೆ ಇದು ದೊಡ್ಡವರಿಗಿಂತ ಬೇಗ ಅಂಟಿಕೊಳ್ಳುತ್ತದೆ. ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಲೇ ಇರುತ್ತದೆ, ಅದರಲ್ಲಿಯೂ ಮುಂದಾಲೋಚನೆ, ತಾಳ್ಮೆಗಳನ್ನು ನೋಡಿಕೊಳ್ಳುವ ಮುಂಭಾಗ ಕೊನೆಗೆ ಬಲಿಯುತ್ತದೆ. ಶ್ವಾಸಕೋಶದ ಮೂಲಕ ಹೋದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ತಲುಪಿ ಸುಖದ ಭಾವನೆ ಕೊಡುವ ಡೋಪಮಿನ್ ಸುರಿಯುವಂತೆ ಮಾಡುತ್ತದೆ. ಎಳೆಯ ಮೆದುಳು ಈ ಪಾಠವನ್ನು ಬೀಜಗಣಿತಕ್ಕಿಂತ ಚೆನ್ನಾಗಿ ಕಲಿತುಬಿಡುತ್ತದೆ.

ಈಗ ನೀವು ಮಾಡಬೇಕಾದ ಕೆಲಸ. “ಯಾಕೆ ಸೇದಿದೆ?” ಎಂದು ಕೇಳಬೇಡಿ, ಆ ಪ್ರಶ್ನೆಗೆ ಅವನಲ್ಲಿಯೂ ಉತ್ತರವಿಲ್ಲ. ಅದರ ಬದಲು “ಬೆಳಿಗ್ಗೆ ಎದ್ದ ಮೇಲೆ ಎಷ್ಟು ಹೊತ್ತಿಗೆ ಬೇಕು ಅನ್ನಿಸುತ್ತದೆ?” ಎಂದು ಕೇಳಿ. ಅರ್ಧ ಗಂಟೆಯೊಳಗೆ ಬೇಕೆನಿಸಿದರೆ ಚಟ ಬೇರೂರಿದೆ ಎಂದು ತಿಳಿಯಬಹುದು. ವಾರಕ್ಕೊಮ್ಮೆ ಗೆಳೆಯರ ಜೊತೆ ಮಾತ್ರ ಎಂದಾದರೆ ಹೆಚ್ಚಿನ ಔಷಧೋಪಚಾರವಿಲ್ಲದೆ ಬಿಡಿಸಬಹುದು. ಈ ಒಂದು ಉತ್ತರ ನಿಜವಾಗಿ ಬರಬೇಕಾದರೆ ಅವನಿಗೆ ಹೊಡೆತದ ಭಯ ಇರಬಾರದು.

ಆದ್ದರಿಂದ ಮನೆಯವರಿಗೆ ಹೇಳಲೇಬೇಕು, ಆದರೆ ಹುಡುಗನ ಎದುರಿಗೆ ಅಲ್ಲ, ಫೋನಿನಲ್ಲಿಯೂ ಅಲ್ಲ. ಅವರು ಊರಿಗೆ ಬಂದ ದಿನ ಊಟವಾದ ಮೇಲೆ ಈ ಪುಟವನ್ನೇ ಅವರ ಕೈಗೆ ಕೊಡಿ. ಯಜಮಾನರೇ, ನೀವು ಇದನ್ನು ಓದುತ್ತಿದ್ದರೆ ನಿಮಗೊಂದು ಮಾತು: ಏಟು ಬಿದ್ದ ಹುಡುಗ ವೇಪನ್ನು ಬಿಡುವುದಿಲ್ಲ, ಕಂಪಾಸ್ ಪೆಟ್ಟಿಗೆಯಲ್ಲಿ ಇಡುವುದನ್ನು ಬಿಡುತ್ತಾನೆ. ಮುಂದಿನ ಸಲ ನಿಮ್ಮಾಕೆಗೆ ಅದು ಸಿಗುವುದೇ ಇಲ್ಲ. ಬಿಟ್ಟ ಮೊದಲ ಎರಡು ವಾರ ಅವನು ಸಿಡುಕುತ್ತಾನೆ, ಸರಿಯಾಗಿ ನಿದ್ರೆ ಮಾಡುವುದಿಲ್ಲ, ಓದಲು ಕೂತರೆ ಗಮನ ನಿಲ್ಲುವುದಿಲ್ಲ. ಆಗ “ಸೊಕ್ಕು” ಎಂದುಕೊಳ್ಳಬೇಡಿ, ಅದು ನಿಕೋಟಿನ್ ಇಳಿಯುವ ಲಕ್ಷಣ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೂ ಏಳೆಂಟು ತಿಂಗಳಿದೆ. ಈಗಲೇ ಬಿಡಿಸಿದರೆ ಅದಕ್ಕೆ ತೊಂದರೆಯಿಲ್ಲ. ಫೆಬ್ರವರಿಯಲ್ಲಿ ಸಿಕ್ಕಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ.

ಪ್ರಶ್ನೆ: ಪಿಯುಸಿ ಮೊದಲ ವರ್ಷ. ಹತ್ತನೆಯ ತರಗತಿಯ ರಜೆಯಲ್ಲಿ ಶುರುವಾದದ್ದು ಈಗ ಎರಡು ಪೀರಿಯಡ್ ಕೂರಲು ಆಗುವುದಿಲ್ಲ, ಟಾಯ್ಲೆಟ್‌ಗೆ ಹೋಗಿ ಎಳೆದು ಬರಬೇಕು. ಎರಡು ಸಲ ಬಿಡಲು ಪ್ರಯತ್ನಿಸಿದೆ. ಮೂರನೆಯ ದಿನ ತಲೆ ಸಿಡಿದು ಮತ್ತೆ ಶುರು ಮಾಡಿದೆ. ಆಸ್ಪತ್ರೆಗೆ ಹೋದರೆ ಮನೆಗೆ ಹೇಳುತ್ತಾರೆಯೇ? ಅಪ್ಪನ ದುಡ್ಡು ಕದ್ದು ಕೊಂಡಿದ್ದೇನೆ, ಅದು ಬೇರೆ ಚಿಂತೆ. 
– ಹೆಸರು ಬೇಡ, ಶಿರಸಿ

ಉತ್ತರ: ತಮ್ಮಾ, ನೀನು ಮೂರನೆಯ ದಿನ ಸೋತದ್ದು ಅಚ್ಚರಿಯಲ್ಲ. ನಿಕೋಟಿನ್ ನಿಲ್ಲಿಸಿದ ಕೆಲವು ಗಂಟೆಗಳಲ್ಲಿ ಚಡಪಡಿಕೆ ಆರಂಭವಾಗಿ, ಎರಡನೆಯ, ಮೂರನೆಯ ದಿನ ಅದು ಶಿಖರಕ್ಕೇರಿ, ಆಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಅಂದರೆ ಎರಡು ಸಲವೂ ನೀನು ದೇವಿಮನೆ ಘಟ್ಟದ ಕೊನೆಯ ತಿರುವಿನವರೆಗೆ ಹತ್ತಿ ಅಲ್ಲಿಂದ ಕೆಳಗಿಳಿದು ಬಂದಿದ್ದೀ. ಇನ್ನೊಂದೆರಡು ದಿನ ತಡೆದುಕೊಂಡಿದ್ದರೆ ಇಳಿಜಾರು ಸಿಗುತ್ತಿತ್ತು. ಇದು ಗೊತ್ತಿದ್ದರೆ ಮೂರನೆಯ ಪ್ರಯತ್ನ ಮೊದಲೆರಡರಂತೆ ಇರುವುದಿಲ್ಲ.

ದಿನವನ್ನು ನೀನೇ ಆರಿಸಿಕೋ. ಕಾಲೇಜು ನಡೆಯುತ್ತಿರುವಾಗ, ಅದೇ ಟಾಯ್ಲೆಟ್, ಅದೇ ಗೆಳೆಯರ ನಡುವೆ ಆ ಮೂರು ದಿನಗಳನ್ನು ಕಳೆಯುವುದು ಕಷ್ಟ. ಚೌತಿಯ ರಜೆ ಒಳ್ಳೆಯದು: ಮನೆ ತುಂಬ ಜನ, ಮಂಟಪ ಕಟ್ಟುವ, ಅದಕ್ಕೆ ಹಣ್ಣುಕಾಯಿಗಳ ಫಲಾವಳಿ ಕಟ್ಟುವ ಕೆಲಸ, ಕೈಗೆ ಬಿಡುವಿಲ್ಲ. ಚೌತಿಗೆ ಮೂರು ದಿನ ಮುಂಚೆ ನಿಲ್ಲಿಸಿದರೆ ಹಬ್ಬದ ದಿನವೇ ಶಿಖರ ದಾಟಿರುತ್ತದೆ. ಬೇಕೆಂಬ ಸೆಳೆತ ಒಂದೊಂದು ಸಲವೂ ಕೆಲವೇ ನಿಮಿಷ ಇರುವಂಥದ್ದು. ಆ ನಿಮಿಷಗಳಲ್ಲಿ ಜಾಗ ಬದಲಿಸು, ಒಂದು ಲೋಟ ತಣ್ಣೀರು ಕುಡಿ, ಬಾಯಿಗೆ ಒಂದು ಏಲಕ್ಕಿಯನ್ನೋ ಒಣ ನೆಲ್ಲಿಯ ಚೂರನ್ನೋ ಹಾಕಿಕೋ. ಅಡಿಕೆ ಮಾತ್ರ ಬೇಡ. ಶಿರಸಿಯವನಿಗೆ ಹೀಗೆ ಬರೆದದ್ದಕ್ಕೆ ನಮ್ಮ ತೋಟಿಗರು ನನ್ನ ಮೇಲೆ ಮುನಿಸಿಕೊಳ್ಳಬಹುದು, ನನ್ನ ಮನೆಯಲ್ಲಿಯೂ ಅಡಿಕೆಯ ಅಂಗಳವಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆ ಅಗಿಯುವುದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಒಂದು ಚಟ ಬಿಡಲು ಇನ್ನೊಂದನ್ನು ಹಿಡಿಯುವುದನ್ನು ವೈದ್ಯನಾಗಿ ನಾನು ಒಪ್ಪಲಾರೆ. ಔಷಧದಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ಮನ್ನೂ ನೀನಾಗಿಯೇ ಕೊಂಡು ಅಗಿಯಬೇಡ. ಹದಿನೆಂಟರ ಒಳಗಿನವರಿಗೆ ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರು ನೋಡಿ ಹೇಳಬೇಕು.

ಮೊದಲು ಯಾರಿಗೆ ಹೇಳಬೇಕು ಎಂಬುದು ನಿನ್ನ ನಿಜವಾದ ಪ್ರಶ್ನೆ. ಹೆಸರು ಹೇಳದೆಯೂ ಮಾತನಾಡಬಹುದಾದ ಎರಡು ಫೋನುಗಳಿವೆ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356. ಇನ್ನೊಂದು ಟೆಲಿ-ಮಾನಸ್, 14416. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ. ಎರಡಕ್ಕೂ ಹಣ ಕೊಡಬೇಕಿಲ್ಲ, ಎರಡರಲ್ಲಿಯೂ ಕನ್ನಡದಲ್ಲಿ ಮಾತನಾಡಬಹುದು. ನೇರವಾಗಿ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ ಎಂಬ ವ್ಯವಸ್ಥೆಯಿದೆ. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರು ಯಾವ ದಿನ ಸಿಗುತ್ತಾರೆಂದು ಕೇಳಿಕೊಂಡು ಹೋಗು. ನೀನು ಹೇಳಿದ್ದನ್ನು ಸಮಾಲೋಚಕರು ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ. ಆದರೆ ಔಷಧ ಕೊಡಬೇಕಾಗಿ ಬಂದರೆ ನಿನ್ನ ವಯಸ್ಸಿನವರಿಗೆ ಮನೆಯ ದೊಡ್ಡವರೊಬ್ಬರ ಒಪ್ಪಿಗೆ ಬೇಕಾಗುತ್ತದೆ. ಅದು ಅಪ್ಪನೇ ಆಗಬೇಕೆಂದು ಮೊದಲೇ ಹೆದರಬೇಡ, ಆಯಿಗೆ ಮೊದಲು ಹೇಳು.

ಕದ್ದ ದುಡ್ಡಿನ ಮಾತು: ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡು. ಬಿಟ್ಟು ಒಂದು ತಿಂಗಳಾದ ಮೇಲೆ ಆ ಚೀಟಿಯನ್ನು ಅಪ್ಪನಿಗೆ ಕೊಡು. ಮೊದಲೇ ಕೊಟ್ಟರೆ ಇಬ್ಬರೂ ಲೆಕ್ಕದಲ್ಲೇ ಸಿಕ್ಕಿಕೊಂಡು ಬಿಡಿಸುವ ಕೆಲಸ ಹಿಂದೆ ಬೀಳುತ್ತದೆ.

ಪ್ರಶ್ನೆ: ನಾನೊಂದು ಪ್ರೌಢಶಾಲೆಯ ಮುಖ್ಯಾಧ್ಯಾಪಕ. ಒಂಬತ್ತನೆಯ ತರಗತಿಯ ಮೂವರು ಹುಡುಗರ ಬಳಿ ಇಂತಹ ಸಾಧನಗಳು ಸಿಕ್ಕಿವೆ. ಈಗ ನನ್ನ ಕಪಾಟಿನಲ್ಲಿವೆ. ಸಮಿತಿಯ ಕೆಲವು ಸದಸ್ಯರು ಟಿಸಿ ಕೊಟ್ಟು ಕಳಿಸಿ ಎನ್ನುತ್ತಿದ್ದಾರೆ. ಒಬ್ಬ ಪಾಲಕರು “ಗೋವಾದಲ್ಲಿ ಎಲ್ಲ ಕಡೆ ಸಿಗುತ್ತದಂತೆ, ಇದೇನು ದೊಡ್ಡ ಅಪರಾಧವೇ?” ಎಂದು ನನ್ನನ್ನೇ ಕೇಳಿದರು. ಕಾನೂನು ಏನು ಹೇಳುತ್ತದೆ?
– ಮುಖ್ಯಾಧ್ಯಾಪಕ, ಅಂಕೋಲಾ ತಾಲೂಕು

ಉತ್ತರ: ಮಾನ್ಯರೇ, ಮೊದಲು ಕಪಾಟು ಖಾಲಿ ಮಾಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಕರ್ನಾಟಕ ಇ-ಸಿಗರೇಟನ್ನು 2016ರಲ್ಲಿಯೇ ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಸಂಸತ್ತಿನ ಕಾಯ್ದೆಯಾಗಿ ಮಾಡಿತು. ಇ-ಸಿಗರೇಟಿನ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಇವೆಲ್ಲವೂ ದೇಶದ ಉದ್ದಗಲಕ್ಕೂ ಅಪರಾಧ. ನಿಕೋಟಿನ್ ಇದೆಯೋ ಇಲ್ಲವೋ ಎಂಬ ಭೇದವನ್ನೂ ಕಾಯ್ದೆ ಮಾಡುವುದಿಲ್ಲ. ಗೋವಾ ಗಡಿಯ ಮಾಜಾಳಿಯ ಗೇಟು ದಾಟಿದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ, ಏಕೆಂದರೆ ಗೋವೆಗೂ ಇದೇ ಕಾಯ್ದೆ. ಮದ್ಯದ ಸುಂಕ ಅಲ್ಲಿ ಕಡಿಮೆಯೆಂಬ ಹಳೆಯ ರೂಢಿಯಿಂದ ನಮ್ಮ ಪಾಲಕರು ಇದನ್ನೂ ಅದೇ ಸಾಲಿಗೆ ಸೇರಿಸಿಕೊಂಡಿರುವಂತೆ ಕಾಣುತ್ತದೆ. ಮಾರಿದವನಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟವನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿಯವರೆಗೆ ದಂಡ ಅಥವಾ ಎರಡೂ. ಸೇದುವವನಿಗೆಂದು ಬೇರೆ ಶಿಕ್ಷೆಯನ್ನು ಕಾಯ್ದೆ ಬರೆದಿಲ್ಲ. ಅಂದರೆ ಕಾಯ್ದೆಯ ಬೆರಳು ಮಾರುವವನ ಕಡೆಗೆ ಇದೆ, ನಿಮ್ಮ ಸಮಿತಿಯ ಬೆರಳು ಹುಡುಗರ ಕಡೆಗೆ.

ನಿಮ್ಮ ಕಪಾಟಿನ ಮಾತಿಗೆ ಬಂದರೆ, ಒಳ್ಳೆಯ ಉದ್ದೇಶದಿಂದಲೇ ಇಟ್ಟಿದ್ದರೂ ನಿಷೇಧಿತ ವಸ್ತುವನ್ನು ಶಾಲೆಯಲ್ಲಿ ಇಟ್ಟುಕೊಂಡಂತೆ ಆಗುತ್ತದೆ. ಒಂದು ಪತ್ರ ಬರೆದು, ಎಷ್ಟು ಸಾಧನಗಳು, ಯಾವ ದಿನ ಸಿಕ್ಕವು ಎಂಬುದನ್ನು ನಮೂದಿಸಿ, ಹುಡುಗರ ಹೆಸರನ್ನು ಅದರಲ್ಲಿ ಹಾಕದೆ, ಠಾಣೆಯ ಸಬ್ ಇನ್‌ಸ್ಪೆಕ್ಟರ್ ಅವರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಈ ಕಾಯ್ದೆಯಡಿ ಸಬ್ ಇನ್‌ಸ್ಪೆಕ್ಟರ್ ಮತ್ತು ಅವರಿಗಿಂತ ಮೇಲಿನ ದರ್ಜೆಯ ಪೊಲೀಸರಿಗೆ ಅಧಿಕಾರವಿದೆ. ಮಕ್ಕಳ ಎದುರು ಪಾಠ ಕಲಿಸಲೆಂದು ಕಲ್ಲಿನಿಂದ ಜಜ್ಜುವುದು, ಕಸದ ಜೊತೆ ಸುಡುವುದು ಬೇಡ: ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ಒಳಗಿನ ದ್ರವ ಕೈಗೆ ತಾಗಿದರೆ ಚರ್ಮದ ಮೂಲಕವೂ ನಿಕೋಟಿನ್ ಒಳಗೆ ಹೋಗುತ್ತದೆ, ಸಣ್ಣ ಮಗುವೊಂದು ನೆಕ್ಕಿದರೆ ಜೀವಕ್ಕೇ ಅಪಾಯ.

ಟಿಸಿಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತವಾದದ್ದು. ಎಂಟನೆಯ ತರಗತಿಯವರೆಗಿನ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ತಡೆಯುತ್ತದೆ. ನಿಮ್ಮ ಹುಡುಗರು ಒಂಬತ್ತರಲ್ಲಿ ಇರುವುದರಿಂದ ಆ ಕಲಮಿನ ಹೊರಗಿದ್ದಾರೆ, ಅಷ್ಟೇ. ಒಂದು ವರ್ಷ ದೊಡ್ಡವರಾದ ಮಾತ್ರಕ್ಕೆ ಚಟ ಹಿಡಿದ ಹುಡುಗನನ್ನು ಊರ ಹೊರಗೆ ನಿಲ್ಲಿಸುವುದು ಯಾವ ನ್ಯಾಯ? ಆ ಮೂವರಲ್ಲಿ ಒಬ್ಬನಿಗಾದರೂ ಇದನ್ನು ಕೊಟ್ಟವನ ಹೆಸರು ಗೊತ್ತಿರುತ್ತದೆ. ಟಿಸಿ ಕೈಗಿಟ್ಟ ಮರುಕ್ಷಣ ಆ ಹೆಸರು ನಿಮಗೆ ಸಿಗುವ ದಾರಿ ಮುಚ್ಚಿಹೋಗುತ್ತದೆ, ಮತ್ತು ಮಾರುವವನಿಗೆ ನಾಲ್ಕನೆಯ ಹುಡುಗ ಸಿಗುತ್ತಾನೆ. ಮೊಬೈಲಿನಲ್ಲಿ ಆರ್ಡರ್ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಬಳಿ ಕೊಟ್ಟು ಹೋಗುವವರಿದ್ದಾರೆ ಎಂದು ಮಕ್ಕಳೇ ನನಗೆ ಹೇಳಿದ್ದುಂಟು. ಕೆಲವು ಸಲ ಮೇಲಿನ ತರಗತಿಯ ಹುಡುಗನೇ ಕೊಂಡು, ಕೆಳಗಿನವರಿಗೆ ‘ಒಂದು ಎಳೆತಕ್ಕೆ ಹತ್ತು ರೂಪಾಯಿ’ಯಂತೆ ಕೊಡುತ್ತಾನೆ. ಅವನಿಗೆ ತಾನು ವ್ಯಾಪಾರ ಮಾಡುತ್ತಿದ್ದೇನೆ ಎಂಬ ಅರಿವೂ ಇರುವುದಿಲ್ಲ.

ಮೂವರ ಪಾಲಕರನ್ನು ಬೇರೆ ಬೇರೆಯಾಗಿ ಕರೆಸಿ. ಪ್ರಾರ್ಥನೆಯ ಹೊತ್ತಿನಲ್ಲಿ ಹೆಸರು ಹಿಡಿದು ಕೂಗಬೇಡಿ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಕೇಂದ್ರ ಆರೋಗ್ಯ ಇಲಾಖೆ 2019ರಲ್ಲಿ ಪರಿಷ್ಕರಿಸಿದ ‘ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ’ ಮಾರ್ಗಸೂಚಿ ನಿಮ್ಮ ಕಚೇರಿಯಲ್ಲಿ ಇರಬೇಕು. ಶಾಲೆಯಿಂದ 100 ಗಜ ದೂರದಲ್ಲಿ ರಸ್ತೆಯ ಮೇಲೆ ಹಳದಿ ಗೆರೆ ಎಳೆಯಬೇಕೆಂದು ಅದು ಹೇಳುತ್ತದೆ. ಗೆರೆ ಎಳೆದು ಫೋಟೊ ತೆಗೆಸಿಕೊಂಡು ಸುಮ್ಮನಾದ ಶಾಲೆಗಳನ್ನು ನಾನು ಕಂಡಿದ್ದೇನೆ. ಗೆರೆಯ ಒಳಗಿನ ಗೂಡಂಗಡಿಯಲ್ಲಿ ಗುಟ್ಕಾದ ಸರ ನೇತಾಡುತ್ತಲೇ ಇರುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಗೆರೆಯೂ ಅಳಿಸಿಹೋಗುತ್ತದೆ. ಹುಡುಗರನ್ನು ಸಮಾಲೋಚನೆಗೆ ಕಳಿಸುವುದಾದರೆ ಕಾರವಾರದ ಜಿಲ್ಲಾ ಆಸ್ಪತ್ರೆ ನಿಮಗೆ ದೂರವಲ್ಲ. ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ, ಮೂವರನ್ನೂ ಒಂದೇ ದಿನ ಕಳಿಸಬೇಡಿ, ಅದೊಂದು ಪ್ರವಾಸವಾಗಿಬಿಡುತ್ತದೆ.

ಪ್ರಶ್ನೆ: ನಿಕೋಟಿನ್ ಇಲ್ಲದ ವೇಪ್ ಕೂಡ ಇದೆಯಂತೆ. ಅದರಿಂದ ತೊಂದರೆ ಇದೆಯೇ? 
– ಕಾಲೇಜು ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ‘ನಿಕೋಟಿನ್ ಇಲ್ಲ’ ಎಂದು ಬರೆದದ್ದನ್ನು ಪರೀಕ್ಷಿಸಿ ನೋಡುವವರು ಯಾರು? ವ್ಯಾಪಾರವೇ ಕಳ್ಳದಾರಿಯಲ್ಲಿ ನಡೆಯುವಾಗ ಚೀಟಿಯ ಮೇಲಿನ ಬರಹಕ್ಕೆ ಬೆಲೆಯಿಲ್ಲ. ನಿಕೋಟಿನ್ ಇಲ್ಲವೆಂದೇ ಇಟ್ಟುಕೊಂಡರೂ ಕಾದ ಗ್ಲಿಸರಿನ್, ತಂತಿಯ ಲೋಹ, ಪರಿಮಳದ ರಾಸಾಯನಿಕಗಳು ಇದ್ದೇ ಇರುತ್ತವೆ. ಬೆಣ್ಣೆಯ ಘಮ ಕೊಡುವ ಡೈಅಸಿಟೈಲ್ ಎಂಬ ರಾಸಾಯನಿಕವನ್ನು ಕೆಲವು ದ್ರವಗಳಲ್ಲಿ ಕಂಡುಹಿಡಿಯಲಾಗಿದೆ. ಅಮೆರಿಕದ ಪಾಪ್‌ಕಾರ್ನ್ ಕಾರ್ಖಾನೆಗಳಲ್ಲಿ ಅದರ ಆವಿಯನ್ನು ಉಸಿರಾಡಿದ ಕಾರ್ಮಿಕರ ಶ್ವಾಸನಾಳಗಳು ಮತ್ತೆ ಸರಿಹೋಗದಂತೆ ಕಟ್ಟಿಕೊಂಡಿದ್ದವು. 2019ರಲ್ಲಿ ಅದೇ ದೇಶದಲ್ಲಿ ವೇಪ್ ಎಳೆದವರಿಗೆ ಹಠಾತ್ತನೆ ಶ್ವಾಸಕೋಶದ ಕಾಯಿಲೆ ಹಬ್ಬಿ, 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣಗಳೂ 68 ಸಾವುಗಳೂ ದಾಖಲಾದವು. ಬಹುತೇಕ ಪ್ರಕರಣಗಳಲ್ಲಿ ಗಾಂಜಾದ ಸತ್ವ ಬೆರೆಸಿದ ಕಳ್ಳಮಾಲಿನ ದ್ರವಕ್ಕೆ ಯಾರೋ ಸೇರಿಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂತಹ ಪದಾರ್ಥವೇ ಮುಖ್ಯ ಕಾರಣವೆಂದು ತಿಳಿದುಬಂತು. ಎಳೆದವರಿಗೆ ಅದು ಒಳಗಿದೆಯೆಂದೇ ಗೊತ್ತಿರಲಿಲ್ಲ. ಉಬ್ಬಸ ಇರುವವರು ಇಂಥದ್ದರ ಪಕ್ಕದಲ್ಲಿ ಕೂರುವುದೂ ಬೇಡ.

ಪ್ರಶ್ನೆ: ನನಗೆ ಎಪ್ಪತ್ತೊಂದು ವರ್ಷ. ಐವತ್ತು ವರ್ಷಗಳಿಂದ ಹೊಗೆಸೊಪ್ಪು ಹಾಕಿದ ಎಲೆಯಡಿಕೆಯ ಕವಳ ಹಾಕುತ್ತಿದ್ದೇನೆ, ಇದುವರೆಗೆ ಏನೂ ಆಗಿಲ್ಲ. ಮೊಮ್ಮಗನ ಕೈಯಲ್ಲಿ ವೇಪ್ ನೋಡಿ ಬೈದರೆ “ಅಜ್ಜ, ನಿನ್ನ ಕವಳಕ್ಕಿಂತ ಇದು ಒಳ್ಳೆಯದು, ಇಂಗ್ಲೆಂಡಿನಲ್ಲಿ ಡಾಕ್ಟರರೇ ಸೇದಲು ಹೇಳುತ್ತಾರೆ” ಎನ್ನುತ್ತಾನೆ. ಅವನಿಗೆ ಏನು ಉತ್ತರ ಕೊಡಲಿ? 
– ಸಿದ್ದಾಪುರ ತಾಲೂಕಿನ ಓದುಗರು

ಉತ್ತರ: ಅಜ್ಜನವರಿಗೆ ನಮಸ್ಕಾರ. ನಿಮ್ಮ ಮೊಮ್ಮಗ ಓದಿಕೊಂಡವನು, ಆದರೆ ಪುಟದ ಒಂದು ಬದಿಯನ್ನು ಮಾತ್ರ ಓದಿದ್ದಾನೆ. ಇಂಗ್ಲೆಂಡಿನ ವೈದ್ಯರು ಹೇಳುವುದು ವರ್ಷಗಟ್ಟಲೆ ಸಿಗರೇಟು ಸೇದಿ, ಬೇರೆ ರೀತಿಯಲ್ಲಿ ಬಿಡಲಾಗದ ವಯಸ್ಕರಿಗೆ. ಸಿಗರೇಟಿನಿಂದ ಇದಕ್ಕೆ ಬಂದರೆ ಅಷ್ಟರ ಮಟ್ಟಿಗೆ ಹಾನಿ ಕಡಿಮೆ ಎಂಬುದು ಅವರ ವಾದ. ಅದೇ ದೇಶ ಹದಿನೆಂಟರ ಒಳಗಿನವರಿಗೆ ಇದನ್ನು ಮಾರಲು ಬಿಡುವುದಿಲ್ಲ, ಮತ್ತು ಮಕ್ಕಳ ಕೈಗೆ ಹೆಚ್ಚು ಸಿಗುತ್ತಿದೆಯೆಂದು ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಷೇಧಿಸಿದೆ. ನಿಮ್ಮ ಮೊಮ್ಮಗ ಯಾವ ಸಿಗರೇಟನ್ನು ಬಿಡಲು ಇದನ್ನು ಹಿಡಿದ ಎಂದು ಕೇಳಿ ನೋಡಿ.

ಇನ್ನು ನಿಮ್ಮ ಕವಳ. ಅವನು ಎತ್ತಿದ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಅದು ಸರಿಯಾದದ್ದೇ. ನಿಮ್ಮ ಸಂಚಿಯ ಹೊಗೆಸೊಪ್ಪಿನಲ್ಲಿರುವುದೂ ಅವನ ವೇಪಿನಲ್ಲಿರುವುದೂ ಒಂದೇ ನಿಕೋಟಿನ್. ಅದು ನಿಮಗೆ ಬರುವುದು ಕೆನ್ನೆಯ ಮೂಲಕ, ನಿಧಾನವಾಗಿ. ಅವನಿಗೆ ಶ್ವಾಸಕೋಶದ ಮೂಲಕ, ಒಮ್ಮೆಗೇ. ನಮ್ಮ ಕಡೆ ಬಂದವರಿಗೆ ಬಾಯಾರಿಕೆ ಕೇಳಿದ ಬೆನ್ನಿಗೇ ಕವಳದ ತಬಕು ಮುಂದಿಡುವುದು ಮರ್ಯಾದೆ. ಅದನ್ನು ಬಿಡಿ ಎಂದರೆ ನಿಮಗೆ ಎಷ್ಟು ಕಷ್ಟವೆಂದು ಬಲ್ಲೆ, ನನ್ನ ಅಪ್ಪಯ್ಯ ಕೊನೆಯವರೆಗೂ ಬಿಡಲಿಲ್ಲ. ಎಲೆ, ಸುಣ್ಣ ಇರಲಿ, ಹೊಗೆಸೊಪ್ಪನ್ನಾದರೂ ಮೊದಲು ತೆಗೆಯಿರಿ. ಅಡಿಕೆಯ ಬಗ್ಗೆ ಮೇಲೆ ಬರೆದದ್ದು ನಿಮಗೂ ಅನ್ವಯಿಸುತ್ತದೆ, ಆದರೆ ಎರಡನ್ನೂ ಒಂದೇ ದಿನ ಕೇಳುವಷ್ಟು ಕ್ರೂರಿ ನಾನಲ್ಲ.

“ಏನೂ ಆಗಿಲ್ಲ” ಎಂಬುದನ್ನು ಈಗಲೇ ಒಮ್ಮೆ ಪರೀಕ್ಷಿಸೋಣ. ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು, ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದಾಗಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಲಂಬವಾಗಿ ಇಟ್ಟು ನೋಡಿ. ಮೂರೂ ಬೆರಳು ಹಿಡಿಯಬೇಕು. ಎರಡೇ ಹಿಡಿದರೆ, ಅಥವಾ ತಂಬುಳಿಯ ಸ್ವಲ್ಪ ಖಾರವೂ ಉರಿಯುವಂತಾಗಿದ್ದರೆ, ಕೆನ್ನೆಯ ಒಳಪದರ ಗಟ್ಟಿಯಾಗತೊಡಗಿರಬಹುದು. ಕವಳ ಇಟ್ಟುಕೊಳ್ಳುವ ಬದಿಯ ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಮಡಚಿ, ಬೆಳಕಿನಲ್ಲಿ ಮೊಮ್ಮಗನಿಗೆ ತೋರಿಸಿ. ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಅವನ ಕಣ್ಣಿಗೆ ಬಿದ್ದರೆ ತಾಲೂಕು ಆಸ್ಪತ್ರೆಯ ದಂತವೈದ್ಯರಲ್ಲಿಗೆ ಹೋಗಲು ತಡ ಮಾಡಬೇಡಿ. ಏನೂ ಕಾಣದಿದ್ದರೂ ಒಮ್ಮೆ ತೋರಿಸಿ ಬನ್ನಿ. ಹೋಗುವಾಗ ಅವನನ್ನೂ ಬಸ್ಸಿಗೆ ಹತ್ತಿಸಿಕೊಳ್ಳಿ. ಸಮಾಲೋಚಕರ ಕೋಣೆ ಇರುವುದೂ ಅದೇ ಆಸ್ಪತ್ರೆಯಲ್ಲಿ. ನೀವು ದಂತವೈದ್ಯರ ಮುಂದೆ ಬಾಯಿ ತೆರೆದು ಕೂತಿರುವ ಹೊತ್ತಿಗೆ ಅವನು ಅಲ್ಲಿ ಹೋಗಿ ಕೂರಲಿ.